ಅಬಕಾರಿ ಟೇಪು, ಅಡುಗೆಯಮ್ಮನ ಕಣ್ಣು

ಅಬಕಾರಿ ಇಲಾಖೆಯಲ್ಲಿ ಮೂವತ್ತು ವರ್ಷ ಗಾರ್ಡ್ ಆಗಿದ್ದೆ. ಕಳ್ಳರನ್ನು ಹಿಡಿದದ್ದಕ್ಕಿಂತ ನಾನೇ ಪೇಚಿಗೆ ಸಿಕ್ಕಿದ್ದು ಹೆಚ್ಚು. ಕೊನೇ ವರ್ಷ ಅಂಬಾಜಿದುರ್ಗದ ಕಡೆ ಒಂದೂರಲ್ಲಿ ಗಂಡ-ಹೆಂಡತಿ ಇಬ್ಬರೂ ನನ್ನನ್ನು ಕಾಪಾಡಿದರು. ಗಂಡ ಕಾಪಾಡಿದ್ದು ಬಿಸಿಲಿಂದ, ಹೆಂಡತಿ ಕಾಪಾಡಿದ್ದು ಗಂಡನಿಂದ.

೧. ಬೀಗಕ್ಕೆ ಕಾವಲು

ಚುನಾವಣೆ ಅಂತ ಆ ಊರಿನ ಮದ್ಯದಂಗಡಿಗೆ ಸೀಲು ಹಾಕಿ ಕಾಯ್ತಾ ಕೂತಿದ್ದೆ. ಬಿಸಿಲಿಗೆ ತಲೆ ಸುತ್ತೋದು. ಎದುರುಗಡೆ ಕಟ್ಟೆ ಮೇಲೆ ಒಬ್ಬ ಬೆಳಗಿಂದ ಕೂತೇ ಇದ್ದ.

"ಇವತ್ತು ತೆಗಿಯಲ್ಲ, ಮನೆಗೆ ಹೋಗಪ್ಪ" ಅಂದೆ.

"ಗೊತ್ತು ಸಾರ್. ನೀವು ಊಟ ಮಾಡ್ಕೊಂಡು ಬನ್ನಿ, ನಾನು ನೋಡ್ಕೋತೀನಿ."

ಹೆದರ್ಕೊಂಡೇ ಹೋದೆ. ಬಂದು ನೋಡಿದ್ರೆ ಸೀಲು ಹಾಗೇ ಇದೆ, ಹತ್ತಿರ ಬಂದವರನ್ನೆಲ್ಲ ಬೈದು ಓಡಿಸಿದ್ದಾನೆ! ಕೈ ಮುಗಿದುಬಿಟ್ಟೆ.

"ಅದೆಲ್ಲ ಇರ್ಲಿ ಸಾರ್. ಬಾಗಿಲು ತೆಗೆದಾಗ ಮೊದಲನೇ ಸರದಿ ನಂದೇ ತಾನೇ?"

೨. ಜನ ನಡೆಯೋ ದಾರಿ

ಅವನ ಹೆಂಡತಿ ಅದೇ ಊರ ಸ್ಕೂಲಲ್ಲಿ ಬಿಸಿಯೂಟದ ಅಡುಗೆಯಮ್ಮ. ಮಕ್ಕಳು ಕುಡುಕರ ಮಧ್ಯೆ ಓಡಾಡೋ ಹಾಗಾಗಿದೆ ಅಂತ ಅಂಗಡಿ ಮೇಲೆ ಅರ್ಜಿ ಕೊಟ್ಟಳು. ಸ್ಕೂಲ್ ಗೇಟಿಂದ ನೂರು ಮೀಟರ್ ಒಳಗಿದ್ರೆ ಅಂಗಡಿ ಎತ್ತಬೇಕು. ಅಳೆಯೋದು ಜನ ನಡೆಯೋ ದಾರೀಲಿ. ನನಗೋ ನಿವೃತ್ತಿಗೆ ಎರಡೇ ತಿಂಗಳು, ತಪ್ಪು ವರದಿ ಹೋದ್ರೆ ಸಸ್ಪೆಂಡ್.

ನಂದು ಹಿಡಿ ತಿರುಗಿಸಿ ಸುತ್ತೋ ಉದ್ದನೆ ಟೇಪು. ಅದರ ಇನ್ನೊಂದು ತುದಿ ಹಿಡಿಯೋಕೆ ಅದೇ ಪುಣ್ಯಾತ್ಮ ಬಂದ. "ದಾರಿ ನಂಗೆ ಗೊತ್ತು ಸಾರ್, ದಿನಾ ನಡೀತೀನಿ." ಹುಣಸೆಮರ ಸುತ್ತಿ, ಹಾಲಿನ ಡೈರಿ ಹಿಂದೆ ನುಗ್ಗಿ ಅಂಗಡಿ ಮುಟ್ಟಿಸಿದ. ನೂರಾ ಹದಿನೆಂಟು ಮೀಟರ್. ಬರ್ಕೊಂಡೆ.

ಅಷ್ಟರಲ್ಲಿ ಸೌಟು ಹಿಡಿದೇ ಆಯಮ್ಮ ಓಡಿ ಬಂದಳು. ಸಿಟ್ಟು ಬಂದ್ರೆ ಅವಳಿಗೆ ತೆಲುಗೇ ಬರೋದು. "ಏಮಯ್ಯಾ!" ಅಂತ ಗಂಡನ್ನ ಗದರಿ ನನ್ನ ಕಡೆ ತಿರುಗಿದಳು. "ಸಾರ್, ಇದು ಜನ ನಡೆಯೋ ದಾರಿ ಅಲ್ಲ. ಅಡುಗೆಮನೆ ಕಿಟಕೀಲಿ ನಂಗೆ ಕಾಣಬಾರದು ಅಂತ ಈಯಪ್ಪ ಒಬ್ನೇ ಸುತ್ತಿ ಹೋಗೋ ದಾರಿ!"

ಜನರ ದಾರೀಲಿ ಅಳೆದರೆ ತೊಂಬತ್ತೊಂದು.

೩. ಕೇಳಿದ ಉಡುಗೊರೆ

ಅಂಗಡಿ ಊರಾಚೆ ಕೆರೆ ಕಡೆ ಹೋಯ್ತು. ನಿವೃತ್ತಿಗೆ ಮುಂಚೆ ಅವರ ಮನೆಗೆ ಹೋದೆ. ಗಂಡ ಗೊಣಗಿದ, "ಏನ್ ಸಾರ್ ನೀವು, ಅಲ್ಲಿಂದ ಮನೆಗೆ ನಡ್ಕೊಂಡು ಬರೋಷ್ಟರಲ್ಲಿ ಕುಡಿದಿದ್ದೆಲ್ಲ ಇಳಿದೋಗುತ್ತೆ. ಬೇಜಾರಾಗಿ ಮೂರು ದಿನದಿಂದ ಹೋಗೇ ಇಲ್ಲ."

ಅಡುಗೆಯಮ್ಮ ಮುದ್ದೆ, ಉಪ್ಸಾರು ಬಡಿಸಿದಳು. "ನನ್ನ ಮರ್ಯಾದೆ ಉಳಿಸಿದೆ ತಾಯಿ. ಏನು ಬೇಕಾದ್ರೂ ಕೇಳು" ಅಂದೆ.

"ಆವತ್ತು ದಾರಿ ಅಳೆದ್ರಲ್ಲ, ಅಂಥಾ ಟೇಪು ಒಂದು ತಂದ್ಕೊಡಿ ಸಾರ್."

"ಅದ್ಯಾಕಮ್ಮ?"

"ನಾಳೆ ಮನಸ್ಸು ಬದಲಾಗಿ ಹೊರಟ್ರೆ, ತುದಿ ಈಯಪ್ಪನ ಸೊಂಟಕ್ಕೆ ಕಟ್ಟಿ ಬಿಡ್ತೀನಿ. ಟೇಪು ಮುಗಿದಾಗ ಹಿಡಿ ತಿರುಗಿಸಿದ್ರೆ ತಾನಾಗೇ ವಾಪಸ್ ಬರ್ತಾನೆ!"