ಗ್ರಾಫಿಕ್ಸ್ ಕಾರ್ಡಿಗೆ ಆಯುಧಪೂಜೆ

ಟೀವಿಗೆ ಕಂಪ್ಯೂಟರ್ ಜೋಡಿಸುವುದು ಮಹಾ ವಿದ್ಯೆಯೇನಲ್ಲ. ವೈರಿಗೆ ಎರಡು ತುದಿ. ಒಂದು ಇಲ್ಲಿ, ಇನ್ನೊಂದು ಅಲ್ಲಿ. ಮಿಕ್ಸಿ ಬಿಚ್ಚಿ ಸರಿಮಾಡಿದ ನನಗೆ ಆಂಜನೇಯನ ದಯೆಯಿಂದ ಇದೂ ಬರುತ್ತದೆ ಎಂದುಕೊಂಡೆ.

ಜೋಡಿಸಲೇಬೇಕೆಂಬ ಹಟಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ. ತಮ್ಮ ಸೀನ ಅಲ್ಲಿ ವಿಮಾನದ ಆಟ ಆಡುತ್ತಿದ್ದ. ನಾನು ಕೇಳಿದರೆ, “ಹುಡ್ಗೀರಿಗೆ ಇದೆಲ್ಲ ಬರಲ್ಲ ಬುಡಕ್ಕ” ಎನ್ನುತ್ತಿದ್ದ. ಈಗ ಅದೇ ಆಟ ಸೀಡಿಯಲ್ಲಿ ಸಿಕ್ಕಿತ್ತು. ವಿಜಯದಶಮಿ ಊಟಕ್ಕೆ ಸೀನ ಮರಳೂರಿನ ನಮ್ಮ ಮನೆಗೆ ಬರುವವನಿದ್ದ. ಅವನ ಕಣ್ಣೆದುರೇ, ದೊಡ್ಡ ಟೀವಿಯಲ್ಲೇ ಆಡಿ ತೋರಿಸಬೇಕು!

ಬೆಳಿಗ್ಗೆಯೇ ವೈರ್ ಸಿಕ್ಕಿಸಿದೆ. ಟೀವಿಯಲ್ಲಿ ಬರೀ ನೀಲಿ.

“ಲೇ, ಹಬ್ಬದ ದಿನ ಟೀವಿ ಸುಟ್ಟೀಯ ಕಣೇ” ಎಂದರು ನಮ್ಮ ಮನೆಯವರು.

“ನೀವು ಒಬ್ಬಟ್ಟು ಸೀಯದ ಹಾಗೆ ನೋಡ್ಕೊಳ್ಳಿ ಸಾಕು.”

ಎರಡನ್ನೂ ಆರಿಸಿ, ಮೊದಲು ಟೀವಿ, ಆಮೇಲೆ ಕಂಪ್ಯೂಟರ್ ಹಾಕಿದೆ. ಚಿತ್ರ ಬಂತು! ಆದರೆ ಕಪ್ಪು ಬಿಳುಪು. ವೈರ್ ತಿರುಚಿದೆ, ಟೀವಿಗೆ ಎರಡೇಟು ಕೊಟ್ಟೆ, ಹನುಮಾನ್ ಚಾಲೀಸಾ ಹೇಳಿದೆ. ಬಣ್ಣ ಮಾತ್ರ ಬರಲೊಲ್ಲದು. ಕೊನೆಗೆ ಪಕ್ಕದ ಬೀದಿಯ ಟೀವಿ ರಿಪೇರಿ ರಫೀಕ್ ಭಾಯಿಯನ್ನು ಕರೆಸಿದೆ. ಅವರು ಕಂಪ್ಯೂಟರಿನ ಹಿಂದೆ ಟಾರ್ಚ್ ಬಿಟ್ಟರು.

“ಮೇಡಂ, ಈ ವೈರ್ ಸಿಕ್ಸೋ ತೂತಲ್ಲಿ ಏನಿದು ಕೆಂಪಗೆ?”

“ಕುಂಕುಮ ಭಾಯಿ. ನೆನ್ನೆ ಆಯುಧಪೂಜೆ ಅಲ್ವಾ? ಟೀವಿಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಕಾರ್ಡಿಗೂ ಇರ್ಲಿ ಅಂತ ಒಂದು ಬೊಟ್ಟು ಇಟ್ಟೆ.”

“ಇದರೊಳಗಿನ ನಾಲ್ಕು ಸಣ್ಣ ತೂತಲ್ಲಿ ಬಣ್ಣ ಬರೋದು ಒಂದೇ ಮೇಡಂ. ನೀವು ಕರೆಕ್ಟಾಗಿ ಅದಕ್ಕೇ ಇಟ್ಟಿದೀರ!”

ಒಬ್ಬಟ್ಟಿನ ಮುಂದೆ ನಿಂತಿದ್ದ ನಮ್ಮ ಮನೆಯವರಿಗೆ ನಗು ತಡೆಯಲಾಗಲಿಲ್ಲ. ಒಂದು ಸೀದೇ ಹೋಯಿತು!

ಭಾಯಿ ಸೂಜಿಯಿಂದ ಕೆರೆದು ಕುಂಕುಮ ತೆಗೆದರು. ಬಣ್ಣ ಬಂತು. ಕಾರ್ಡ್ ಕೆಟ್ಟಿರಲಿಲ್ಲ, ಟೀವಿ ಸುಟ್ಟಿರಲಿಲ್ಲ. ದೇವರು ದೊಡ್ಡವನು!

ಊಟವಾದ ಮೇಲೆ ಸೀನನನ್ನು ಸೋಫಾದಲ್ಲಿ ಕೂರಿಸಿ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಗಳನ್ನು ಒತ್ತತೊಡಗಿದೆ. ವಿಮಾನ ಹಾರಿತು. ಪಟಪಟನೆ ಗುಂಡು! ಶತ್ರು ವಿಮಾನಗಳು ಉದುರತೊಡಗಿದವು. ಅದು ಎಡಕ್ಕೆ ವಾಲಿದರೆ ನಾನೂ ಎಡಕ್ಕೆ, ಬಲಕ್ಕೆ ವಾಲಿದರೆ ನಾನೂ ಬಲಕ್ಕೆ.

“ನೋಡ್ಕೊಳ್ಲಾ ಸೀನ! ಬರಲ್ಲ ಅಂತಿದ್ದೆ!”

ಸೀನ ಕೀಬೋರ್ಡಿನತ್ತ ಬಗ್ಗಿ ನೋಡಿ, “ಅಕ್ಕ, ಒಂದ್ನಿಮಿಷ ಕೈ ತೆಗಿ” ಎಂದ.

ತೆಗೆದೆ. ವಿಮಾನ ಹಾರುತ್ತಲೇ ಇತ್ತು. ಗುಂಡು ಹೊಡೆಯುತ್ತಲೇ ಇತ್ತು. ಒಂದೂ ಗುರಿ ತಪ್ಪುತ್ತಿರಲಿಲ್ಲ.

“ಇದು ಡೆಮೋ ಕಣಕ್ಕ. ಕಾಯಿನ್ ಹಾಕೋವರ್ಗೂ ಅದರ ಪಾಡಿಗೆ ಅದು ಆಡ್ಕೊಂತಿರ್ತದೆ. ಕಂಪ್ಯೂಟರಲ್ಲಿ ಕಾಯಿನ್ ಅಂದ್ರೆ ಈ ಐದು ನಂಬರ್” ಎಂದು ಒತ್ತಿ, ಕೀಬೋರ್ಡನ್ನು ಮತ್ತೆ ನನ್ನ ಕೈಗಿತ್ತ.

ಈಗ ನನ್ನ ಆಟ. ನನಗೆ ಕೊಟ್ಟದ್ದು ಮೂರು ವಿಮಾನ. ಸೀನ ಎಲೆ ಅಡಿಕೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಮೂರೂ ಢಮಾರ್!

ಬಣ್ಣ ಮಾತ್ರ, ದೇವರ ದಯೆ, ಸೊಗಸಾಗಿ ಬಂದಿತ್ತು. ನನ್ನ ವಿಮಾನಗಳು ಉರಿದ ಬೆಂಕಿ ಅಡುಗೆಮನೆಯವರೆಗೂ ಕಂಡಿತಂತೆ!