ಸೀಟು ಹಿಡಿದ ಫೈಲು

ರೈಲಿಳಿದವರೆಲ್ಲ ಬಸ್ಸಿಗೆ ಓಡುವ ಜಾಗದಲ್ಲಿ ಕೆಲಸಕ್ಕೆ ಕೂತವನಿಗೆ ನಗುವುದಕ್ಕೆ ಬರವಿಲ್ಲ. ಎಂಬತ್ತರ ದಶಕದಲ್ಲಿ ನಾನು ಕೆಂಗೇರಿ ರೈಲು ನಿಲ್ದಾಣದ ಬಳಿ ಬಸ್ಸುಗಳ ಟೈಂಕೀಪರ್ ಆಗಿದ್ದೆ. ಅಂದರೆ, ಗಡಿಯಾರ ನೋಡಿ ಸೀಟಿ ಊದುವವನು; ನಾನು ಊದಿದರೆ ಬಸ್ಸು ಹೊರಡಬೇಕು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು, ಏಕೆಂದರೆ ಮುಂದೆ ಬರುವ ನನ್ನ ಭಯಕ್ಕೆಲ್ಲ ಅದೇ ಕಾರಣ.

ಯಜಮಾನರು ಬರುವವರೆಗೆ

ಅಂದು ಮೈಸೂರು ಕಡೆಯ ರೈಲು ತಡವಾಗಿತ್ತು. ರಾಜಾಜಿನಗರದ ಬಸ್ಸು ಹೊರಡಬೇಕು ಎನ್ನುವಾಗ ಮುಂದಿನ ಸೀಟಿನ ಹೆಂಗಸು ಕೈಮುಗಿದರು. "ಒಂಚೂರು ತಡೀರಿ ಸಾರ್, ನಮ್ಮ ಯಜಮಾನ್ರು ಆ ರೈಲಲ್ಲಿ ಬರ್ತಾ ಇದಾರೆ."

ಕರಗಿಹೋದೆ. ಬಸ್ಸು ಹದಿನೈದು ನಿಮಿಷ ನಿಂತಿತು. ಒಳಗಿದ್ದವರು ನನ್ನ ವಂಶವನ್ನೆಲ್ಲ ಜಾಲಾಡಿದರು. ಕೊನೆಗೆ ರೈಲೂ ಬಂತು, ಯಜಮಾನರೂ ಬಂದರು. ಹೆಂಗಸು ಬಸ್ಸಿಂದ ಇಳಿದೇಬಿಟ್ಟರು.

"ಯಾಕಮ್ಮ, ಬಸ್ಸಿಗೆ ಬರಲ್ವಾ?"

"ಇಲ್ಲ ಸಾರ್, ನಮ್ಮನೆ ಇಲ್ಲೇ ಉಪನಗರದಲ್ಲಿ. ಸ್ಟೇಷನ್ನಲ್ಲಿ ಕೂರೋಕೆ ಜಾಗ ಇರ್ಲಿಲ್ಲ, ಅದಕ್ಕೇ!"

ಒಳಗಿದ್ದವರು ದೂರು ಬರೆದರು. ಮೇಲಿನಿಂದ ಕಾಗದ ಬಂತು: ಇನ್ನೊಮ್ಮೆ ಬಸ್ಸು ತಡವಾದರೆ ಕೆಲಸ ಇಲ್ಲ.

ಸೀಟು ದಾನ

ನಮ್ಮಲ್ಲಿ ಬಸ್ಸು ಹತ್ತುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಎಸೆದು ಸೀಟು ಹಿಡಿಯುತ್ತಾರಲ್ಲ, ಅದರ ಮಾತು ಇದು. ರೈಲಿಳಿದ ಒಬ್ಬರು ಓಡಿಬಂದು ಟವೆಲ್ಲು, ಕೊಡೆ, ಚೀಲ ಎಸೆದು ಮೂರು ಸೀಟು ಹಿಡಿದರು. ಗೆದ್ದವರಂತೆ ಕೂತರು. ಪಕ್ಕದ ಬಸ್ಸಿಂದ ಹೆಂಡತಿ ಕೂಗಿದರು: "ರೀ! ಅದು ವಿಜಯನಗರದ್ದು ಕಣ್ರೀ! ನಾನಾಗ್ಲೇ ಇಲ್ಲಿ ಸೀಟ್ ಹಿಡಿದಾಯ್ತು!"

ಅವರು ಸಾಮಾನು ಎತ್ತಿಕೊಂಡರು. ಇಳಿಯುವ ಮೊದಲು ನಿಂತಿದ್ದ ಮುದುಕರನ್ನು ಕರೆದು, "ಬನ್ನಿ ತಾತ, ನಿಮಗೇ ಬರೆದುಕೊಟ್ಟೆ," ಎಂದರು, ಸೈಟು ದಾನ ಮಾಡಿದವರ ಹಾಗೆ.

ಫೈಲಿನ ಪ್ರಯಾಣ

ಕಾಗದ ಬಂದ ಮೇಲೆ ನಾನು ಗಡಿಯಾರ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ರೈಲಿಳಿದ ದಪ್ಪನೆಯ ಒಬ್ಬರು ಕಿಟಕಿಯಿಂದ ಫೈಲು ತೂರಿಸಿ ಸೀಟು ಹಿಡಿದು, ಎದುರಿನ ಅಂಗಡಿಗೆ ಕಾಫಿಗೆ ಹೋದರು. ಹೊತ್ತಾಯಿತು. ಸೀಟಿ ಊದಿದೆ. ಬಸ್ಸು ಹೊರಟಿತು. ಅವರು ಕಾಫಿ ಲೋಟ ಹಿಡಿದೇ ಹಿಂದೆ ಓಡಿದರು, ಬಸ್ಸು ಸಿಗಲಿಲ್ಲ.

ಏದುಸಿರು ಬಿಡುತ್ತ ಬಂದರು. "ಏನ್ರೀ, ನಾನು ಯಾರು ಗೊತ್ತೇನ್ರೀ? ನಿಮ್ಮ ಬಸ್ಸುಗಳು ತಡ ಅಂತ ಬಂದ ದೂರನ್ನ ಬಸ್ಸಲ್ಲೇ ಕೂತು ವಿಚಾರಿಸೋಕೆ ಬಂದ ಆಫೀಸರ್! ಆ ದೂರೆಲ್ಲ ಆ ಫೈಲಲ್ಲಿದೆ!"

ನಾನು ಗಡಿಯಾರ ತೋರಿಸಿದೆ. "ಸಾರ್... ಟೈಂ ಆಗಿತ್ತು."

ಬಸ್ಸು ತಿರುಗಿ ಬರಲೆಂದು ಅವರು ನನ್ನ ಸ್ಟೂಲಿನ ಮೇಲೆ ಎರಡು ಗಂಟೆ ಕೂತರು. ನಾನು ಮನಸ್ಸಿನಲ್ಲೇ ಬೇರೆ ಕೆಲಸ ಹುಡುಕಿದೆ. ಬಸ್ಸು ವಾಪಸು ಬಂತು. ಜನ ಬಾಗಿಲಲ್ಲಿ ಜೋತಾಡುತ್ತಿದ್ದರು. ಕಿಟಕಿ ಪಕ್ಕದ ಸೀಟಿನಲ್ಲಿ ಫೈಲೊಂದೇ ಆರಾಮಾಗಿ ಕೂತಿತ್ತು.

ಕಂಡಕ್ಟರ್ ಇಳಿದು ಹೇಳಿದ: "ಹೋಗ್ತಾ ಬರ್ತಾ ಎರಡೂ ಕಡೆ ಫುಲ್ಲು ಸಾರ್. ಕೂತ್ಕೊಳ್ರಪ್ಪ ಅಂದ್ರೆ ಒಬ್ರೂ ಒಪ್ಲಿಲ್ಲ. 'ಯಾರೋ ಹಿಡಿದಿದಾರೆ, ಬಂದ್ರೆ ಜಗಳ ಆಗುತ್ತೆ' ಅಂದ್ರು."

ಆಫೀಸರಿಗೆ ನಗು ತಡೆಯಲಾಗಲಿಲ್ಲ. ಫೈಲು ಬಿಚ್ಚಿ, ನನ್ನ ಪೆನ್ನು ಕೇಳಿ, ದೂರಿನ ಕೆಳಗೆ ಬರೆದರು. ಓದಿದ ಮೇಲೆ ಎಷ್ಟೋ ದಿನದಿಂದ ಹಿಡಿದಿದ್ದ ಉಸಿರು ಬಿಟ್ಟೆ:

"ಬಸ್ಸುಗಳು ಸಮಯಕ್ಕೆ ಸರಿಯಾಗಿ ಹೊರಡುತ್ತಿವೆ. ಖುದ್ದಾಗಿ ಹಿಂದೆ ಓಡಿ ನೋಡಿದ್ದೇನೆ."