ಗುಡಾಣನ ಬಾಯಿ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಡಬ್ಬಿ ಹಳದಿ ಬಣ್ಣ.

ಗುಡಾಣನ ಹಲ್ಲು ಸಾಕಷ್ಟು ಹಳದಿಯಾಗಿಲ್ಲ ಎಂದು ಅಭಿಮಾನಿ ಸಂಘದವರು ತಕರಾರು ತೆಗೆದಿದ್ದರು. ಗುಡಾಣನೆಂದರೆ ಮಕ್ಕಳ ಚಿತ್ರಕತೆಗಳ ರಾಕ್ಷಸ. ಸಿಕ್ಕಿದವರನ್ನೆಲ್ಲ ನುಂಗುವುದು, ಆಮೇಲೆ ಅಜೀರ್ಣವಾಗಿ ಜೋರಾಗಿ ಒಂದು ತೇಗು ತೇಗಿ ಅವರನ್ನು ಜೋಪಾನವಾಗಿ ಹೊರಗೆ ಬಿಡುವುದು, ಇಷ್ಟೇ ಅವನ ಕೆಲಸ. ಆ ಕತೆಗಳನ್ನು ಓದಿ ಬೆಳೆದ ಮಕ್ಕಳಿಗೆಲ್ಲ ಈಗ ತಲೆ ನರೆತು, ಹೊಟ್ಟೆ ಬಂದು, ಅವರೇ ಅರ್ಧ ಗುಡಾಣರಾಗಿದ್ದರು. ಅಭಿಮಾನ ಮಾತ್ರ ಒಂದಿಂಚೂ ಇಳಿದಿರಲಿಲ್ಲ. ಥೀಮ್ ಪಾರ್ಕಿನಲ್ಲಿ ಮೂರಂತಸ್ತಿನ ಮನೆಯಷ್ಟೆತ್ತರದ ಗುಡಾಣ ಬರುತ್ತಾನೆ, ದೋಣಿಯಲ್ಲಿ ಕೂತು ಅವನ ಬಾಯೊಳಗೆ ಹೋಗಿ, ಹೊಟ್ಟೆಯನ್ನೆಲ್ಲ ಸುತ್ತಿ ತೇಗಿನ ಜೊತೆ ಹೊರಗೆ ಬರಬಹುದು ಎಂಬ ಸುದ್ದಿ ಹಬ್ಬಿದಾಗ ಅವರಿಗೆ ನಿದ್ದೆಯೇ ಹತ್ತಲಿಲ್ಲ. ಒಬ್ಬಿಬ್ಬರು ತಾಯಂದಿರು ಮಾತ್ರ, ಹೊರಗೆ ಬರುವ ದಾರಿಯೂ ಬಾಯಿಯೇ ತಾನೆ ಎಂದು ಫೋನು ಮಾಡಿ ಖಾತ್ರಿಪಡಿಸಿಕೊಂಡರು.

ಹಲ್ಲಿನ ತಕರಾರು ಬಂದದ್ದು ಉದ್ಘಾಟನೆಯ ಹಿಂದಿನ ದಿನ. ಪೇಂಟರ್ ಸಂಜೆಯೊಳಗೆ ಎಲ್ಲ ಹಲ್ಲಿಗೂ ಎರಡೆರಡು ಕೈ ಹಳದಿ ಬಳಿದ. ಹಸಿ ಬಣ್ಣದ ಮೇಲೆ ಪಾರಿವಾಳ ಕೂತೀತೆಂದು, ಸನ್ನೆಕೋಲು ಎಳೆದು ಗುಡಾಣನ ಬಾಯಿ ಮುಚ್ಚಿ, ಮಾಡಿದ ಕೆಲಸವನ್ನು ತಾನೇ ಮೆಚ್ಚಿಕೊಂಡು ಮನೆಗೆ ಹೋದ.

ಬೆಳಿಗ್ಗೆ ಮೆಕ್ಯಾನಿಕ್ ಬಂದು ಸನ್ನೆಕೋಲು ಎಳೆದರೆ ಗುಡಾಣನ ಹುಬ್ಬು ಮೇಲೇರಿತು, ಕಿವಿ ಅಲ್ಲಾಡಿತು, ಹೊಟ್ಟೆಯಲ್ಲಿ ಗುಡುಗುಡು ಎಂದಿತು. ಬಾಯಿ ಮಾತ್ರ ತೆರೆಯಲಿಲ್ಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಅಣ್ಣತಮ್ಮಂದಿರಂತೆ ಅಪ್ಪಿಕೊಂಡು ಒಣಗಿಹೋಗಿದ್ದವು.

"ಒಣಗೋಕೆ ಮುಂಚೆ ಯಾರಾದ್ರೂ ಬಾಯಿ ಮುಚ್ಚುತ್ತಾರೇನಯ್ಯಾ?" ಮೆಕ್ಯಾನಿಕ್ ಕೂಗಿದ.

"ಒಳ್ಳೇ ಬಣ್ಣ ಅಂದ್ರೆ ಹಾಗೇ ಸಾರ್," ಎಂದ ಪೇಂಟರ್, ಹೆಮ್ಮೆಯಿಂದ ಹಲ್ಲು ತಟ್ಟಿ ನೋಡುತ್ತ. "ಒಂದ್ಸಲ ಹಿಡಿದ್ರೆ ಬಿಡೋದಿಲ್ಲ."

ಮೆಕ್ಯಾನಿಕ್‌ಗೆ ಅವನ ಕತ್ತು ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಹೊತ್ತಿರಲಿಲ್ಲ. ಪಾರ್ಕಿನ ಯಜಮಾನರು ಇದ್ದಬದ್ದದ್ದನ್ನೆಲ್ಲ ಈ ರಾಕ್ಷಸನ ಹೊಟ್ಟೆಗೆ ಸುರಿದಿದ್ದರು. "ಇವತ್ತು ಇವನ ಬಾಯಿ ತೆರೀಲಿಲ್ಲ ಅಂದ್ರೆ ಇವನನ್ನ ಗುಜರಿಗೆ ಹಾಕ್ತೀನಿ, ಬೆನ್ನಿಗೆ ನಿನ್ನನ್ನೂ ಹಾಕ್ತೀನಿ," ಎಂದು ಎಚ್ಚರಿಸಿದ್ದರು. ಕೆಲಸದ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಎರಡು ವರ್ಷ ಆ ಹೊಟ್ಟೆಯೊಳಗೇ ಬಗ್ಗಿ, ತೆವಳಿ, ಮೊಳೆ ಮೊಳೆಯನ್ನೂ ಕೂಡಿಸಿದವನು ಅವನು. ಜನ ದೋಣಿಯಲ್ಲಿ ಕೂತು ಒಳಗೆ ಹೋಗಿ ನಗುತ್ತ ಹೊರಗೆ ಬರುವುದನ್ನು ಕಣ್ತುಂಬ ನೋಡಬೇಕೆಂದು ಅವನ ಜೀವ ಹಪಹಪಿಸುತ್ತಿತ್ತು. ಅದರಲ್ಲೂ ಮಾವನವರು. "ನಮ್ಮ ಅಳಿಯ ಆಟದ ಸಾಮಾನು ರಿಪೇರಿ ಮಾಡ್ತಾನೆ" ಎಂದು ನೆಂಟರ ಮುಂದೆಲ್ಲ ಮೂಗು ಮುರಿಯುತ್ತಿದ್ದ ಮಾವನವರನ್ನು ಹೆಂಡತಿ ಇವತ್ತು ಕಾಡಿಬೇಡಿ ಕರೆತರುತ್ತಿದ್ದಳು.

ಗೇಟು ತೆರೆದದ್ದೇ ತಡ, ಹಸಿರು ಅಂಗಿ ತೊಟ್ಟ ಅಭಿಮಾನಿಗಳು ಕಟ್ಟೆಯೊಡೆದ ನೀರಿನಂತೆ ನುಗ್ಗಿದರು. ಬಾಯಿ ಮುಚ್ಚಿ ನಿಂತ ಗುಡಾಣನನ್ನು ಕಂಡು ಗಕ್ಕನೆ ನಿಂತರು.

"ಸಣ್ಣದೊಂದು ತೊಂದರೆ. ಸ್ವಲ್ಪ ಕಾಯಿರಿ," ಎಂದು ಮೆಕ್ಯಾನಿಕ್ ಮೈಕಿನಲ್ಲಿ ಹೇಳಿದ. ದನಿ ಅವನಿಗೇ ಕೇಳಿಸಲಿಲ್ಲ.

ಮೊದಲು ಏಣಿ ಹತ್ತಿ ಹಾರೆ ಹಾಕಿ ಮೀಟಿದ. ಕಟಕ್ಕೆಂದು ಮುಂದಿನ ಹಲ್ಲಿನ ಚೂರೊಂದು ಕಿತ್ತು ಕೆಳಗೆ ಬಿತ್ತು. ಅಭಿಮಾನಿಗಳು ತಮ್ಮದೇ ಹಲ್ಲು ಮುರಿದಂತೆ "ಅಯ್ಯೋ!" ಎಂದರು. ಒಬ್ಬ ಓಡಿಬಂದು ಆ ಚೂರನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡ. ಆಮೇಲೆ ಮೆಕ್ಯಾನಿಕ್ ಸಂದಿಗೆ ಸೀಮೆಎಣ್ಣೆ ಸುರಿದ. ಮೈದಾನವೆಲ್ಲ ಗಬ್ಬೆಂದಿತು. ಜನ ಮೂಗು ಮುಚ್ಚಿಕೊಂಡು ಓಡಿಹೋಗುತ್ತಾರೆಂದು ಅವನು ಕಣ್ಣು ಮುಚ್ಚಿಕೊಂಡರೆ, ಕೆಳಗೆ ಚಪ್ಪಾಳೆ!

"ಗುಡಾಣನ ಬಾಯಿ ವಾಸನೆ! ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದಾರೆ ಕಣ್ರೋ!"

ಬೆಚ್ಚಿಬಿದ್ದ ಮೆಕ್ಯಾನಿಕ್ ಸೀಮೆಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಏಣಿ ಒಂದು ಕಡೆ, ಇವನು ಒಂದು ಕಡೆ. ಕೈಗೆ ಸಿಕ್ಕಿದ್ದು ಗುಡಾಣನ ಮೀಸೆ. ಅದನ್ನೇ ಹಿಡಿದು, ಒಣಗಲು ಹಾಕಿದ ಬಟ್ಟೆಯಂತೆ ಅತ್ತಿತ್ತ ತೂಗಾಡುತ್ತ "ಏಣಿ! ಏಣಿ!" ಎಂದು ಬಡಕೊಂಡ. ಮಕ್ಕಳು ನೆಲದಲ್ಲಿ ಬಿದ್ದು ನಕ್ಕವು. ಆ ಹೊತ್ತಿಗೆ ಸರಿಯಾಗಿ ಹೆಂಡತಿ ಅಪ್ಪನ ಕೈ ಹಿಡಿದುಕೊಂಡು ಗೇಟಿನೊಳಗೆ ಬಂದಳು.

"ಅಲ್ಲಿ ನೇತಾಡ್ತಿರೋದು ನಮ್ಮವರಲ್ವಾ ಅಪ್ಪಾ?"

"ಬೇರೆ ಯಾರು ಹೀಗೆ ನೇತಾಡ್ತಾರಮ್ಮ," ಎಂದರು ಮಾವನವರು.

ಮಾವನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರಾಗಿ ನಿವೃತ್ತರಾದವರು. ಅಳಿಯನನ್ನು ಇಳಿಸುವುದಕ್ಕಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಅಡ್ಡಾದಿಡ್ಡಿ ನಿಂತ ಜನ. ಗುಂಪು ಕಂಡರೆ ಅವರ ಕೈ ಕಡಿಯುತ್ತಿತ್ತು. "ಏನ್ರೀ ಇದು, ಸಂತೇನಾ? ಒಬ್ಬರ ಹಿಂದೆ ಒಬ್ಬರು! ರೀ ಹಸಿರಂಗಿ, ಥೂ, ಎಲ್ಲರೂ ಹಸಿರಂಗಿನೇ, ರೀ ಕನ್ನಡಕದವರೇ, ಹಿಂದೆ ಹೋಗಿ!" ಎಂದು ಗದರಿದರು. ನೋಡುನೋಡುತ್ತಿದ್ದಂತೆ ಸಾಲು ಹಾವಿನ ಹಾಗೆ ಮಡಿಚಿ ಮಡಿಚಿ, ದೋಣಿಗಳ ಕೊಳ ಬಳಸಿ, ಗೇಟು ದಾಟಿ ರಸ್ತೆಗೆ ಬಂತು. ಅಷ್ಟುದ್ದ ಸಾಲು ಇದೆಯೆಂದರೆ ಏನೋ ವಿಶೇಷವೇ ಇರಬೇಕೆಂದು ದಾರಿಯಲ್ಲಿ ಹೋಗುವವರೂ ಬಂದು ನಿಂತರು. ಗುಡಾಣ ಯಾರೆಂದೂ ತಿಳಿಯದವರು ಗುಡಾಣನಿಗಾಗಿ ಜಗಳವಾಡತೊಡಗಿದರು.

ಯಾರೋ ಎತ್ತಿ ನಿಲ್ಲಿಸಿದ ಏಣಿಯ ಮೇಲೆ ಮೆಕ್ಯಾನಿಕ್ ಬಿಸಿಲೇರಿದಂತೆ ಬೆಂದು ಬೆವೆತ. ಕೆಳಗಿನ ಮಾತುಗಳು ಕಿವಿಗೆ ಬೀಳುತ್ತಿದ್ದವು.

"ಒಳಗೆ ಪಿತ್ತದ ಕೆರೆ ಇದೆಯಂತೆ, ಕೊತಕೊತ ಕುದಿಯುತ್ತಂತೆ."

"ಕರುಳಲ್ಲಿ ದೋಣಿ ತಲೆಕೆಳಗಾಗಿ ಓಡುತ್ತಂತಲ್ಲ!"

"ತೇಗಿದಾಗ ಕೊಳದ ಆಚೆ ದಡಕ್ಕೇ ಹಾರಿಸಿಬಿಡ್ತಾನಂತೆ. ಅದಕ್ಕೇ ಇಷ್ಟು ತಡ. ಸುಮ್ನೇನಾ?"

ಮೆಕ್ಯಾನಿಕ್‌ಗೆ ಮಾತ್ರ ನಿಜ ಗೊತ್ತಿತ್ತು. ಒಳಗೆ ಇದ್ದದ್ದು ಮೊಣಕಾಲುದ್ದ ನೀರು, ಬಣ್ಣದ ದೀಪ, ರಬ್ಬರಿನ ಕರುಳು ಮತ್ತು ಅವನ ಎರಡು ವರ್ಷದ ಪ್ರೀತಿ.

ಯಜಮಾನರು ಮಧ್ಯಾಹ್ನ ಕೆಂಡವಾಗಿ ಬಂದರು. ಸಾಲು ನೋಡಿ ಅರ್ಧ ತಣ್ಣಗಾದರು. ಐಸ್‌ಕ್ರೀಮಿನ ಅಂಗಡಿ ಎರಡು ಸಲ ಖಾಲಿಯಾಗಿತ್ತು. ಛತ್ರಿ, ಟೋಪಿ, ಮಡಚುವ ಸ್ಟೂಲು ಒಂದೂ ಉಳಿದಿರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ಯಜಮಾನರು ಹಾಗೇ ನುಂಗಿಕೊಂಡು, "ಹಲ್ಲು ಮುರಿಯೋದು ಜನ ನೋಡಬಾರದು, ಬಾಯಿಗೆ ಅಡ್ಡ ಒಂದು ಪರದೆ ಕಟ್ಟಿ," ಎಂದಷ್ಟೇ ಹೇಳಿ ಹೊರಟುಹೋದರು.

ಪರದೆ ಕಟ್ಟಿದ ಮೇಲೆ ಅಭಿಮಾನಿ ಸಂಘದ ಅಧ್ಯಕ್ಷರು ಒಳಗೆ ನುಸುಳಿ ಬಂದರು. ಅವರು ವೃತ್ತಿಯಲ್ಲಿ ದಂತವೈದ್ಯರು. ಹಗಲೆಲ್ಲ ಊರಿನವರ ಹಲ್ಲು ಬೆಳ್ಳಗೆ ಮಾಡಿ, ಸಂಜೆ ಗುಡಾಣನ ಹಲ್ಲು ಹಳದಿಯಾಗಲೆಂದು ಹೋರಾಡುವ ಮನುಷ್ಯ.

"ಹಲ್ಲು ಬಿಡಿಸೋಕೆ ಯಾರಾದ್ರೂ ಹಾರೆ ಹಾಕ್ತಾರೇನ್ರೀ?" ಎಂದು ನೊಂದು ನುಡಿದರು. "ತೆಳ್ಳಗಿನ ತಂತಿ ತನ್ನಿ. ನೀವು ಆ ಕಡೆ ಹಿಡೀರಿ."

ಇಬ್ಬರೂ ಹಲ್ಲಿನ ಸಂದಿಗೆ ತಂತಿ ತೂರಿಸಿ, ಆ ಕಡೆ ಈ ಕಡೆ ಎಳೆಯುತ್ತ ಒಂದೊಂದೇ ಹಲ್ಲು ಬಿಡಿಸಿಕೊಂಡು ಹೋದರು. ದವಡೆ ಹಲ್ಲಿಗೆ ಬಂದಾಗ ಡಾಕ್ಟರು ಅಭ್ಯಾಸಬಲದಿಂದ ಗುಡಾಣನ ಕೆನ್ನೆ ತಟ್ಟಿ, "ಸ್ವಲ್ಪ ನೋವಾಗುತ್ತೆ, ಹೆದರ್ಕೋಬೇಡಿ," ಎಂದರು. ಹೊತ್ತು ಇಳಿಯುವಾಗ ಕೊನೆಯ ಹಲ್ಲು ಟಪ್ಪೆಂದಿತು. ಮೆಕ್ಯಾನಿಕ್ ಸನ್ನೆಕೋಲು ಎಳೆದ. ಗುಡಾಣ ಮೆಲ್ಲಗೆ, ನಿದ್ದೆಯಿಂದೆದ್ದವನಂತೆ ಆಕಳಿಸಿದ.

ಮೆಕ್ಯಾನಿಕ್‌ನ ಕಣ್ಣಲ್ಲಿ ನೀರು ಬಂತು. ಡಾಕ್ಟರನ್ನು ದೋಣಿಯಲ್ಲಿ ಕೂರಿಸಿ ಒಳಗೆ ಕಳಿಸಿದ. ದೋಣಿ ಹೋಯಿತು, ದೀಪ ಮಿನುಗಿತು, ಕರುಳು ನುಲಿಯಿತು, ತೇಗು ಬಂತು. ಒಂದು ಮೊಳೆಯೂ ತಪ್ಪಲಿಲ್ಲ.

"ಹೇಗಿತ್ತು ಡಾಕ್ಟ್ರೇ?"

"ಚೆನ್ನಾಗಿದೆ," ಎಂದರು ಡಾಕ್ಟರು, ಹಲ್ಲು ಕೀಳಲೇಬೇಕಾದ ರೋಗಿಗೆ ಸಮಾಧಾನ ಹೇಳುವ ದನಿಯಲ್ಲಿ.

ಅಷ್ಟರಲ್ಲಿ ಯಜಮಾನರು ಪರದೆ ಸರಿಸಿಕೊಂಡು ಬಂದರು. "ಯಜಮಾನ್ರೇ, ಬಾಯಿ ತೆರೀತು!" ಎಂದು ಮೆಕ್ಯಾನಿಕ್ ಕುಣಿದ.

ಯಜಮಾನರ ಮುಖ ಕಪ್ಪಿಟ್ಟಿತು. "ಯಾರಾದ್ರೂ ನೋಡಿದ್ರಾ?"

"ಇನ್ನೂ ಇಲ್ಲ. ಈಗ ಮೈಕಲ್ಲಿ ಹೇಳ್ತೀನಿ."

"ಮುಚ್ಚು! ನಿನ್ನದೂ, ಅವನದ್ದೂ!" ಯಜಮಾನರು ಅವನ ಕೈಯಿಂದ ಮೈಕು ಕಸಿದುಕೊಂಡರು. "ಹತ್ತಿದವನು ಐದು ನಿಮಿಷದಲ್ಲಿ ಇಳಿದು ಮನೆಗೆ ಹೋಗ್ತಾನೆ ಕಣಯ್ಯಾ. ಕಾಯೋನು ದಿನವೆಲ್ಲ ತಿಂತಾನೆ, ಕುಡೀತಾನೆ, ಟೋಪಿ ಕೊಳ್ತಾನೆ. ನಾಳೆ ಮತ್ತೆ ಬರ್ತಾನೆ. ಈ ಪಾರ್ಕು ಶುರುವಾದಾಗಿಂದ ಇಂಥ ವ್ಯಾಪಾರ ಕಂಡಿಲ್ಲ ನಾನು."

ಮೆಕ್ಯಾನಿಕ್ ಡಾಕ್ಟರ ಕಡೆ ತಿರುಗಿದ. "ನೀವಾದ್ರೂ ಹೇಳಿ. ನಿಮ್ಮ ಜನ ಎಷ್ಟು ವರ್ಷದಿಂದ ಆಸೆ ಇಟ್ಕೊಂಡಿದಾರೆ!"

"ಅದೇ ಕಷ್ಟ," ಡಾಕ್ಟರು ನೆಲ ನೋಡುತ್ತ ಹೇಳಿದರು. "ಬೆಳಿಗ್ಗೆ ತೆರೆದಿದ್ರೆ ಕುಣಿದಾಡ್ತಿದ್ರು. ಈಗ ಕೆರೆ ಕುದೀಬೇಕು, ದೋಣಿ ತಲೆಕೆಳಗಾಗಬೇಕು. ಇದನ್ನ ನೋಡಿದ್ರೆ ಸಂಘ ಒಡೆದುಹೋಗುತ್ತೆ. ಮುಚ್ಚಿದ್ರೇನೇ ಕ್ಷೇಮ."

"ಹಾಗಾದ್ರೆ ನನ್ನ ಕೆಲಸ?"

"ಭದ್ರ!" ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿದರು. "ದಿನಾ ಏಣಿ ಹತ್ತಿ ಬಾಯಿ ತೆರೆಯೋಕೆ ಒದ್ದಾಡ್ತಿರಬೇಕು. ಮೀಸೆ ಹಿಡ್ಕೊಂಡು ನೇತಾಡಿದ್ದು ಜನಕ್ಕೆ ಬಹಳ ಹಿಡಿಸಿದೆ, ಅದನ್ನ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಇಟ್ಕೋ. ಸಂಬಳ ಮೊದಲಿನಷ್ಟೇ."

"ನಮ್ಮ ಮಾವನವರನ್ನಾದ್ರೂ ಒಂದೇ ಒಂದು ಸುತ್ತು ಕಳಿಸ್ತೀನಿ."

"ಅವರಿಗಂತೂ ಗೊತ್ತಾಗಲೇಬಾರದು. ಅವರನ್ನ ಕ್ಯೂ ಮ್ಯಾನೇಜರ್ ಮಾಡ್ಕೊಂಡಿದೀನಿ, ನಿನಗಿಂತ ಜಾಸ್ತಿ ಸಂಬಳ. ಪಾಪ, ಎಷ್ಟು ಮನಸ್ಸಿಟ್ಟು ಕೆಲಸ ಮಾಡ್ತಿದಾರೆ. ಒಳಗೆ ಹೋಗಬಹುದು ಅಂತ ತಿಳಿದ್ರೆ ಉತ್ಸಾಹ ಉಳಿಯುತ್ತಾ?"

ಪೇಂಟರನ್ನು ಕರೆಸಿದರು. ಅವನು ಖುಷಿಯಿಂದ ಹೊಸ ಡಬ್ಬಿ ತೆರೆದು ಎರಡು ಸಾಲು ಹಲ್ಲಿಗೂ ದಪ್ಪಗೆ ಬಳಿದ. ಸನ್ನೆಕೋಲು ಎಳೆದದ್ದು ಮೆಕ್ಯಾನಿಕ್‌ನ ಕೈಯೇ. ಗುಡಾಣನ ಬಾಯಿ ಮುಚ್ಚುವವರೆಗೂ ಅವನು ಒಳಗಿನ ದೀಪಗಳನ್ನು ನೋಡುತ್ತಿದ್ದ.

ಪರದೆಯಾಚೆ ಮಾವನವರು ಕೊರಳಿಗೆ ಹೊಸ ಸೀಟಿ ನೇತುಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಹೆಂಡತಿ ಆಸೆಗಣ್ಣಿಂದ ನೋಡುತ್ತಿದ್ದಳು.

"ಏನು ಅಳಿಯಂದ್ರೇ, ಬಾಯಿ ತೆರೀತಾ?"

ಮೆಕ್ಯಾನಿಕ್ ಹಿಂದೆ ನಿಂತ ಯಜಮಾನರನ್ನು ನೋಡಿದ, ಡಾಕ್ಟರನ್ನು ನೋಡಿದ.

"ಇಲ್ಲ ಮಾವ."

"ನಿಮ್ಮ ಕೈಲಿ ಆಗಲ್ಲ ಅಂತ ನನಗೆ ಬೆಳಿಗ್ಗೇನೇ ಗೊತ್ತಿತ್ತು," ಎಂದು ಮಾವನವರು ಸೀಟಿ ಊದಿದರು. "ಸರೀರಿ, ಸರೀರಿ, ನಾಳೆಯ ಸಾಲು ಈ ಕಡೆಯಿಂದ!"